ರಾಜಕಾರ್ಯ ಮತ್ತು ರಾಜಕಥೆ

ಶ್ರಾವಕನ ನಿತ್ಯಜೀವನದಲ್ಲಿ ರಾಜಕೀಯಕ್ಕೆ ಎಷ್ಟು ಸ್ಥಾನವಿರಬೇಕು? ಜೈನಾಚಾರ್ಯರು ರಾಜಕಥೆಯನ್ನು ನಾಲ್ಕು ವಿಕಥೆಗಳಲ್ಲಿ ಒಂದೆಂದು ಎಣಿಸಿದರು. ಆದರೆ ರಾಜಕಾರ್ಯವನ್ನು ನಿಷೇಧಿಸಲಿಲ್ಲ. ಅರಸೀಕೆರೆಯಲ್ಲಿ 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ ರೇಚರಸನು ಮೊದಲು ಕಳಚುರಿಗಳ, ಬಳಿಕ ಹೊಯ್ಸಳ ವೀರಬಲ್ಲಾಳನ ಸೇವೆಯಲ್ಲಿದ್ದವನು. ಆ ಎರಡೂ ಸಿಂಹಾಸನಗಳು ಅಳಿದವು; ಜಿನಾಲಯ ಉಳಿದಿದೆ.

ಇಂದು ಅದೇ ಊರಿನ ಕುಡಿಯುವ ನೀರು, ಶಾಲೆ, ಕೊಬ್ಬರಿಯ ಬೆಂಬಲ ಬೆಲೆ ಎಲ್ಲಕ್ಕೂ ರಾಜಕೀಯದ ಸಂಬಂಧವುಂಟು. ಆದುದರಿಂದ ಅದಕ್ಕೆ ಬೆನ್ನು ತಿರುಗಿಸುವುದು ಧರ್ಮವಾಗದು. ಚರ್ಚೆ ಮುಗಿದಾಗ ಮಾಡಬೇಕಾದ ಕೆಲಸವೊಂದು ಸ್ಪಷ್ಟವಾದರೆ ಅದು ರಾಜಕಾರ್ಯ. ನೆರೆಯವನ ಮೇಲೆ ಕ್ರೋಧವಷ್ಟೇ ಉಳಿದರೆ ಅದು ವಿಕಥೆ. ಚುನಾವಣೆ ಮುಗಿದು ವರ್ಷ ಕಳೆದರೂ ಬಸದಿಯ ಬಾಗಿಲಲ್ಲಿ ಇಬ್ಬರು ಮುಖ ತಿರುಗಿಸಿ ನಡೆದರೆ, ಅಳತೆ ಮೀರಿತೆಂದೇ ಅರ್ಥ. ಸಾಮಾಯಿಕಕ್ಕೆ ಕುಳಿತ ಶ್ರಾವಕನು ತನ್ನ ಮನಸ್ಸನ್ನು ತಾನೇ ತೂಗಿ ನೋಡಲಿ.