ಟಿಕೆಟ್ ಕೊಂಡು ಬಾರದವರು

ಸಹಾಯಾರ್ಥ ಪ್ರದರ್ಶನದ ಟಿಕೆಟ್ ಪುಸ್ತಕ ಹಿಡಿದು ಯಾರಾದರೂ ಮನೆಗೆ ಬಂದರೆ ನಾವು ಆಡುವ ಮಾತೊಂದಿದೆ: ‘ಎರಡು ಕೊಟ್ಟಿರಿ, ಬರೋಕಾಗತ್ತೋ ಇಲ್ವೋ ಗೊತ್ತಿಲ್ಲ.’ ಬಂದವರು ಸಂತೋಷದಿಂದಲೇ ಹರಿದು ಕೊಡುತ್ತಾರೆ. ನಮಗೂ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ. ಪ್ರದರ್ಶನದ ಸಂಜೆ ಆ ಎರಡು ಕುರ್ಚಿಗಳು ಖಾಲಿ ಇರುತ್ತವೆ. ಹಣ ಸೇರಬೇಕಾದಲ್ಲಿಗೆ ಸೇರಿದೆಯಲ್ಲ, ಯಾರಿಗೆ ಏನು ನಷ್ಟ?

ಹಣ ಯಾವುದಕ್ಕಾಗಿ ಎಂಬುದರ ಮೇಲೆ ಇದರ ಉತ್ತರ ನಿಂತಿದೆ. 1742ರ ಏಪ್ರಿಲ್ 13ರಂದು ಡಬ್ಲಿನ್ ನಗರದಲ್ಲಿ ಹ್ಯಾಂಡೆಲ್‌ನ ‘ಮೆಸ್ಸೀಯ’ ಮೊದಲ ಬಾರಿಗೆ ಸಾರ್ವಜನಿಕರ ಕಿವಿಗೆ ಬಿದ್ದದ್ದು ಒಂದು ಸಹಾಯಾರ್ಥ ಪ್ರದರ್ಶನದಲ್ಲಿ. ಹೆಚ್ಚು ಜನಕ್ಕೆ ಜಾಗವಾಗಲಿ ಎಂದು ಹೆಂಗಸರು ಅಗಲವಾಗಿ ಉಬ್ಬಿ ನಿಲ್ಲುವ ಲಂಗಗಳನ್ನು ತೊಡದೆ, ಗಂಡಸರು ಸೊಂಟದ ಕತ್ತಿಯನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ವ್ಯವಸ್ಥಾಪಕರು ಕೇಳಿಕೊಂಡಿದ್ದರು. ಸುಮಾರು 400 ಪೌಂಡ್ ಕೂಡಿತು. ಅದರಲ್ಲಿ ಎರಡು ಆಸ್ಪತ್ರೆಗಳಿಗೆ ಪಾಲು ಹೋಯಿತು. ಸಾಲ ತೀರಿಸಲಾಗದೆ ಸೆರೆಮನೆಯಲ್ಲಿದ್ದ 142 ಮಂದಿ ಹೊರಗೆ ಬಂದರು. ಆ ಕೈದಿಗಳಲ್ಲೊಬ್ಬನ ಕಡೆಯಿಂದ ನೋಡಿ. ಟಿಕೆಟ್ ಕೊಂಡವನು ಹಾಡು ಕೇಳಿದನೋ, ಮನೆಯಲ್ಲಿ ಮಲಗಿದನೋ, ಅವನಿಗೆ ಎರಡೂ ಒಂದೇ. ದುಡ್ಡು ಬಂತು, ಬೀಗ ತೆರೆಯಿತು.

ಈಗ ಇನ್ನೊಂದು ಸಂದರ್ಭ. ಒಂದು ಊರಿನ ಜನ ಸೇರಿ ಹೊಸದಾಗಿ ಒಂದು ಒಪೆರಾ ತಂಡ ಕಟ್ಟಿದ್ದಾರೆ ಎನ್ನಿ. ಹಗಲು ಬೇರೆ ಬೇರೆ ಕೆಲಸ ಮಾಡಿ, ಸಂಜೆ ತಾಲೀಮಿಗೆ ಬರುವವರು. ಮುಂದಿನ ವರ್ಷವೂ ತಂಡ ಉಳಿಯಲಿ ಎಂದು ಅವರೊಂದು ಸಹಾಯಾರ್ಥ ಪ್ರದರ್ಶನ ಇಟ್ಟುಕೊಳ್ಳುತ್ತಾರೆ. ಇಲ್ಲಿ ಕೇಳುತ್ತಿರುವುದು ಆಸ್ಪತ್ರೆಗಲ್ಲ, ತಮಗೇ. ಅದಕ್ಕೇ ಅವರ ದನಿಯಲ್ಲಿ ಸ್ವಲ್ಪ ಸಂಕೋಚ. ಇನ್ನೊಬ್ಬರಿಗಾಗಿ ಕೈಚಾಚುವುದು ಸುಲಭ. ‘ನಾವು ಹಾಡಬೇಕು, ಅದಕ್ಕೆ ಹಣ ಕೊಡಿ’ ಎನ್ನುವುದು ಕಷ್ಟ.

ಆದರೆ ಈ ಸಂಕೋಚಕ್ಕೆ ಕಾರಣವಿಲ್ಲ. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಪ್ರದರ್ಶನ ಕಲೆಗಳ ಲೆಕ್ಕಾಚಾರದ ಮೇಲೆ ಒಂದು ಪುಸ್ತಕ ಬರೆದರು. ಅವರು ಹೇಳಿದ್ದು ಸರಳವಾದ ಸಂಗತಿ. ಕಾರ್ಖಾನೆಯಲ್ಲಿ ಹತ್ತು ಜನರ ಕೆಲಸವನ್ನು ಯಂತ್ರದ ನೆರವಿನಿಂದ ಒಬ್ಬನೇ ಮಾಡಬಹುದು. ನಾಲ್ವರು ನುಡಿಸಬೇಕಾದ ಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರು ಬೇಕಿತ್ತು, ಇವತ್ತೂ ನಾಲ್ವರೇ ಬೇಕು. ಉಳಿದೆಡೆ ಸಂಬಳ ಏರಿದಂತೆ ಕಲಾವಿದರ ಸಂಬಳವೂ ಏರಬೇಕು, ಅವರ ಕೆಲಸ ಮಾತ್ರ ಬೇಗ ಮುಗಿಯುವುದಿಲ್ಲ. ಹಾಡುಗಾರರು, ವಾದ್ಯದವರು, ವೇಷಭೂಷಣ, ದೀಪ ಎಲ್ಲವೂ ಬೇಕಾದ ಒಪೆರಾಕ್ಕೆ ಈ ಪೆಟ್ಟು ಇನ್ನೂ ಜೋರು. ಟಿಕೆಟ್ಟಿನಿಂದಲೇ ಖರ್ಚು ಹುಟ್ಟದಿದ್ದರೆ ಅದು ತಂಡದ ಅಸಾಮರ್ಥ್ಯ ಎಂದೇನಿಲ್ಲ.

1947ರಲ್ಲಿ ಬೆಂಜಮಿನ್ ಬ್ರಿಟ್ಟನ್ ಮತ್ತು ಗೆಳೆಯರು ಇದನ್ನು ಕೈಸುಟ್ಟುಕೊಂಡು ಕಲಿತರು. ಅವರು ಆಗಷ್ಟೇ ಕಟ್ಟಿದ್ದ ‘ಇಂಗ್ಲಿಷ್ ಒಪೆರಾ ಗ್ರೂಪ್’ ಹಾಲೆಂಡ್ ಮತ್ತು ಸ್ವಿಟ್ಜರ್ಲೆಂಡಿಗೆ ಹೋಗಿತ್ತು. ರಂಗಮಂದಿರಗಳು ತುಂಬಿದ್ದವು, ಆದರೂ ಜನರನ್ನೂ ಸಾಮಾನನ್ನೂ ಸಾಗಿಸುವ ಖರ್ಚಿನಿಂದ ನಷ್ಟವೇ ಆಯಿತು. ಆ ಪ್ರವಾಸದಲ್ಲೇ ಗಾಯಕ ಪೀಟರ್ ಪಿಯರ್ಸ್, ನಮ್ಮೂರಲ್ಲೇ ಏಕೆ ಒಂದು ಉತ್ಸವ ಮಾಡಬಾರದು ಎಂದು ಕೇಳಿದ. ಮರುವರ್ಷ, 1948ರ ಜೂನ್‌ನಲ್ಲಿ, ಸಫೊಕ್ ಸೀಮೆಯ ಕಡಲತಡಿಯ ಪುಟ್ಟ ಊರು ಆಲ್ಡ್‌ಬರೊದಲ್ಲಿ ಉತ್ಸವ ನಡೆಯಿತು. ಒಪೆರಾ ಆಡಿದ್ದು ಸುಮಾರು 300 ಜನ ಹಿಡಿಸುವ ಜುಬಿಲಿ ಹಾಲ್‌ನಲ್ಲಿ. ದೂರದ ದೊಡ್ಡ ಊರುಗಳಲ್ಲಿ ಸೋತ ಲೆಕ್ಕವನ್ನು ಹತ್ತಿರದ ಜನರ ನಡುವೆ ಸರಿಮಾಡಿಕೊಳ್ಳಲು ಹೊರಟ ಧೈರ್ಯ ಅದು. ಆ ಉತ್ಸವ ಇಂದಿಗೂ ನಡೆಯುತ್ತಿದೆ.

ಖಾಲಿ ಕುರ್ಚಿಯ ನಷ್ಟ ಏನೆಂದು ಇಲ್ಲಿ ಕಾಣುತ್ತದೆ. ಡಬ್ಲಿನ್ನಿನ ಹಣ ಉಳಿಸಲು ಹೊರಟಿದ್ದು ಕೈದಿಯನ್ನು. ಊರಿನ ತಂಡದ ಹಣ ಉಳಿಸಲು ಹೊರಟಿರುವುದು ಹಾಡುವವರಿಗೂ ಕೇಳುವವರಿಗೂ ನಡುವಿನ ನಂಟನ್ನು. ಟಿಕೆಟ್ ಕೊಂಡು ಬಾರದವರು ಆ ನಂಟಿನ ಔಷಧಿಗೆ ದುಡ್ಡು ಕೊಟ್ಟು, ನಂಟನ್ನೇ ಬಿಟ್ಟುಬಿಡುತ್ತಾರೆ. ಮದುವೆಗೆ ಬಾರದೆ ಮುಯ್ಯಿ ಕಳಿಸಿದ ಹಾಗೆ. ಮನೆಯವರು ಮುಯ್ಯಿಯನ್ನು ಬರೆದಿಟ್ಟುಕೊಳ್ಳುತ್ತಾರೆ, ಬಾರದ್ದನ್ನೂ ನೆನಪಿಟ್ಟುಕೊಳ್ಳುತ್ತಾರೆ.

ಬಂದು ಕೂತವರಿಗೂ ಒಂದು ಪರೀಕ್ಷೆ ಇದೆ. ಹಾಡುಗಾರ್ತಿ ಮೇಲಿನ ಸ್ವರದಲ್ಲಿ ಜಾರುತ್ತಾಳೆ. ‘ಪಾಪ, ಹೊಸಬರು’ ಎಂದು ನಾವು ಇನ್ನೂ ಜೋರಾಗಿ ಚಪ್ಪಾಳೆ ತಟ್ಟುತ್ತೇವೆ. ಇದು ದಯೆಯೋ, ಸುಳ್ಳೋ? ಎಳೆಯ ತಂಡವನ್ನು ಕಟುಮಾತಿನಿಂದ ಕೊಲ್ಲಬಾರದು ಎನ್ನುವುದು ನಿಜ. ಆದರೆ ಜಾರಿದ ಸ್ವರಕ್ಕೂ ಸರಿಯಾಗಿ ನಿಂತ ಸ್ವರಕ್ಕೂ ಒಂದೇ ಚಪ್ಪಾಳೆ ಸಿಕ್ಕರೆ, ಸರಿಯಾಗಿ ಹಾಡಿದ ಗಳಿಗೆಯನ್ನು ಯಾರೂ ಗಮನಿಸಲಿಲ್ಲ ಎಂದಾಯಿತು. ‘ಪಾಪ’ ಎನ್ನುವ ಪದದಲ್ಲಿ ಕರುಣೆ ಎಷ್ಟಿದೆಯೋ ಅಷ್ಟೇ ಅಲಕ್ಷ್ಯವೂ ಇದೆ.

ಬ್ರಿಟ್ಟನ್ ಇದಕ್ಕೆ ಇನ್ನೊಂದು ದಾರಿ ತೋರಿಸಿದ. 1958ರಲ್ಲಿ ಆಲ್ಡ್‌ಬರೊ ಪಕ್ಕದ ಆರ್ಫರ್ಡ್ ಚರ್ಚಿನಲ್ಲಿ ಮೊದಲು ಆಡಿದ ‘ನೋಯ್ಸ್ ಫ್ಲಡ್’, ನೋಹ ಮತ್ತು ಜಲಪ್ರಳಯದ ಕಥೆ. ಅದರಲ್ಲಿ ಕೆಲವೇ ಮಂದಿ ವೃತ್ತಿಪರರು, ಉಳಿದವರು ಮಕ್ಕಳು, ಹವ್ಯಾಸಿಗಳು. ಹಡಗು ಹತ್ತುವ ಪ್ರಾಣಿಗಳೆಲ್ಲ ಮಕ್ಕಳೇ. ಪಿಟೀಲು ಹಿಡಿಯಲು ಈಗಷ್ಟೇ ಕಲಿತ ಮಗುವಿಗೂ ಅಲ್ಲಿ ಭಾಗವಿದೆ: ಬೆರಳು ಊರದೆ ಬಿಟ್ಟ ತಂತಿಗಳನ್ನಷ್ಟೇ ನುಡಿಸಿದರೆ ಸಾಕು. ಸಾಲಾಗಿ ತೂಗುಹಾಕಿದ ಚಹಾದ ಬಟ್ಟಲುಗಳನ್ನು ಮರದ ಸೌಟಿನಿಂದ ತಟ್ಟಿದರೆ ಅದೇ ಮಳೆಯ ಮೊದಲ ಹನಿ. ನಡುವೆ ನೋಡುಗರೂ ಎದ್ದು ನಿಂತು ಪ್ರಾರ್ಥನಾಗೀತೆ ಹಾಡಬೇಕು. ಇಲ್ಲಿ ಹೊಸಬನಿಗೆ ರಿಯಾಯಿತಿ ಕೊಟ್ಟಿಲ್ಲ. ಅವನಿಗೆ ಮಾಡಲಾಗುವುದನ್ನೇ ಕೃತಿಗೆ ಬೇಕಾದದ್ದನ್ನಾಗಿ ಮಾಡಲಾಗಿದೆ. ಬಟ್ಟಲು ತಟ್ಟುವ ಹುಡುಗ ತಾಳ ತಪ್ಪಿದರೆ ಮಳೆ ಕೆಡುತ್ತದೆ, ಅಂದರೆ ಅವನ ತಪ್ಪಿಗೂ ಬೆಲೆಯಿದೆ. ತಪ್ಪಿಗೆ ಬೆಲೆಯಿಲ್ಲದ ಕಡೆ ಸರಿಗೂ ಬೆಲೆಯಿರುವುದಿಲ್ಲ.

ಆದ್ದರಿಂದ ಇದು ಒಮ್ಮುಖದ ಕರ್ತವ್ಯವಲ್ಲ. ‘ನಾವು ಬಡ ತಂಡ, ಸಹಿಸಿಕೊಳ್ಳಿ’ ಎಂದು ತಂಡವೂ ತನ್ನ ಕೊರತೆಯ ಹಿಂದೆ ಅಡಗಬಾರದು. ಕೈಗೆಟುಕದ ದೊಡ್ಡ ಕೃತಿಯನ್ನು ಅರೆಬೆಂದಂತೆ ಬಡಿಸುವುದಕ್ಕಿಂತ ತನಗೆ ಒದಗುವ ಚಿಕ್ಕದನ್ನು ಹದವಾಗಿ ಮಾಡಿದರೆ ಅದೇ ನೋಡುಗರಿಗೆ ಸಲ್ಲಿಸುವ ಗೌರವ. ನೋಡುಗರು ಸಲ್ಲಿಸಬೇಕಾದ ಗೌರವ ಹಣವಲ್ಲ, ಕಿವಿ. ಪ್ರದರ್ಶನ ಮುಗಿದ ಮೇಲೆ ‘ಚೆನ್ನಾಗಿತ್ತು’ ಎಂದು ಹೊರಟುಬಿಡದೆ, ಎರಡನೆಯ ಅಂಕದ ಕೊನೆಯ ಹಾಡು ಮನಸ್ಸಿಗೆ ಹತ್ತಿತು, ಮೊದಲನೆಯದು ಎಳೆದಂತಾಯಿತು ಎಂದು ಹೇಳಬಲ್ಲವನು ತಂಡಕ್ಕೆ ನೂರು ಟಿಕೆಟ್ ಕೊಂಡವನಿಗಿಂತ ಹತ್ತಿರದವನು.

ನೂರು ಟಿಕೆಟ್ ಕೊಳ್ಳುವವರೂ ಬೇಕು, ಅವರಿಲ್ಲದೆ ದೀಪ ಹತ್ತುವುದಿಲ್ಲ. ಆದರೆ ದೀಪ ಹತ್ತಿದ ಮೇಲೆ ಎದುರಿಗೆ ಯಾರಾದರೂ ಕೂತಿರಬೇಕು. ಮುಂದಿನ ಸಲ ಯಾರಾದರೂ ಟಿಕೆಟ್ ಪುಸ್ತಕ ಹಿಡಿದು ಬಂದರೆ ‘ಎಷ್ಟು ಕೊಡಬೇಕು?’ ಎಂದು ಕೇಳುವ ಮೊದಲು ‘ಯಾವತ್ತು, ಎಷ್ಟು ಗಂಟೆಗೆ?’ ಎಂದು ಕೇಳಿ ನೋಡಿ.