ಶಕ್ತಿಯನ್ನರಿಯದೆ ಕೈಗೊಂಡ ವ್ರತ

ವ್ರತವನ್ನು ಸ್ವೀಕರಿಸುವ ಮೊದಲು ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿಕೊಳ್ಳುವುದು ಶ್ರದ್ಧೆಯ ಕೊರತೆಯೇ? ಕಳೆದ ಭಾದ್ರಪದದಲ್ಲಿ ಬಸದಿಯ ಜಗಲಿಯ ಮೇಲೆ ಹಿರಿಯರೊಬ್ಬರು ಈ ಪ್ರಶ್ನೆಯನ್ನು ಸ್ವಲ್ಪ ಕಟುವಾಗಿಯೇ ಎತ್ತಿದರು. ದೇಹ ಬೇರೆ, ಆತ್ಮ ಬೇರೆ ಎಂದು ನಂಬಿದ ನಮಗೆ ವೈದ್ಯನ ಅಪ್ಪಣೆ ಏಕೆಂಬುದು ಅವರ ವಾದ. ನನಗೆ ಅಂದು ಉತ್ತರ ಹೊಳೆಯಲಿಲ್ಲ.

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗನುಸಾರವಾಗಿ ಆಚರಿಸಬೇಕೆಂದೇ ತತ್ತ್ವಾರ್ಥಸೂತ್ರವು ವಿಧಿಸಿದೆ. ಶಕ್ತಿಯನ್ನು ಮರೆಮಾಚಬಾರದು, ಮೀರಲೂ ಬಾರದು. ಆದರೆ ಅದರ ಅಳತೆ ತಿಳಿಯುವುದೆಂತು? ಮೊಣಕಾಲು ನೊಂದರೆ ದೇಹವೇ ಹೇಳುತ್ತದೆ, ಮೂತ್ರಪಿಂಡ ಹೇಳುವುದಿಲ್ಲ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿದ್ದು, ಎರಡೂ ಕೂಡಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬಹುಭಾಗವನ್ನು ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕುತ್ತವೆ. ಅರ್ಧಕ್ಕಿಂತ ಹೆಚ್ಚು ಶೋಧಕಗಳು ನಷ್ಟವಾದರೂ ಉಳಿದವು ಮೌನವಾಗಿ ಭಾರ ಹೊರುತ್ತವೆ. ಪಾದದ ಬಾವು, ನೊರೆಗಟ್ಟುವ ಮೂತ್ರ, ಆಯಾಸ ಕಾಣುವ ವೇಳೆಗೆ ಬಹಳ ತಡವಾಗಿರುವುದುಂಟು.

ನಮ್ಮ ಸೋದರತ್ತೆಯವರು ದಶಲಕ್ಷಣ ಪರ್ವದಲ್ಲಿ ದಿನ ಬಿಟ್ಟು ದಿನ ನಿರ್ಜಲ ಉಪವಾಸ ನಡೆಸಿದವರು. ಪಾರಣೆಯ ದಿನ ತಲೆನೋವಿಗೆಂದು ಅಂಗಡಿಯ ಗುಳಿಗೆ ನುಂಗುತ್ತಿದ್ದರು. ಕಾಲು ಬಾತಾಗ ಉಪವಾಸದ ದಣಿವೆಂದೆವು. ಅವರ ರಕ್ತದೊತ್ತಡವನ್ನು ನಾವು ಒಮ್ಮೆಯೂ ಅಳೆಸಿರಲಿಲ್ಲ. ಉಪವಾಸವೇ ರೋಗವನ್ನು ತಂದಿತೆಂದು ಹೇಳಲಾರೆ, ವೈದ್ಯರೂ ಹಾಗೆನ್ನಲಿಲ್ಲ. ಮೊದಲೇ ಸೊರಗಿದ ಮೂತ್ರಪಿಂಡಕ್ಕೆ ನೀರಿನ ಕೊರತೆಯಿಂದ ರಕ್ತದ ಹರಿವು ಕುಗ್ಗುವುದೆಂದೂ, ಅದರ ಮೇಲೆ ನೋವಿನ ಗುಳಿಗೆ ಬಿದ್ದರೆ ಹಾನಿ ಹೆಚ್ಚುವುದೆಂದೂ ನಮಗೆ ತಿಳಿದದ್ದು ಆಮೇಲೆ.

ಭಸ್ಮಕ ವ್ಯಾಧಿಯಿಂದ ಪೀಡಿತರಾದ ಸಮಂತಭದ್ರರು ಸಲ್ಲೇಖನೆಗೆ ಅನುಮತಿ ಬೇಡಿದಾಗ ಗುರುಗಳು ಕೊಡದೆ, ರೋಗವನ್ನು ಮೊದಲು ವಾಸಿಮಾಡಿಕೊಳ್ಳಲು ಆಜ್ಞಾಪಿಸಿದರೆಂದು ಪರಂಪರೆ ಹೇಳುತ್ತದೆ. ಶಿಷ್ಯನ ಮುನಿವೇಷವನ್ನೇ ಕೆಲಕಾಲ ಬದಿಗಿಡಿಸಿದ ಆ ಗುರುಗಳಿಗೆ ದೇಹಮೋಹವಿತ್ತೆನ್ನೋಣವೇ? ಪರೀಕ್ಷೆಗೆ ಹಿಂಜರಿಯುವಲ್ಲಿ ಶ್ರದ್ಧೆಗಿಂತ ಮಾನಕಷಾಯವೇ ಹೆಚ್ಚೆಂದು ನನಗೆ ತೋರುತ್ತದೆ. ‘ನಿಮ್ಮದು ಎಷ್ಟನೆಯ ಉಪವಾಸ?’ ಎಂದು ಬಸದಿಯಲ್ಲಿ ಕೇಳುವ ನಾವೂ ಅದಕ್ಕೆ ಹೊಣೆಗಾರರು.

ಮಧುಮೇಹ, ರಕ್ತದೊತ್ತಡ, ಹೃದ್ರೋಗವುಳ್ಳವರು, ಮನೆತನದಲ್ಲಿ ಮೂತ್ರಪಿಂಡದ ರೋಗ ಕಂಡವರು, 60 ವರ್ಷ ದಾಟಿದವರು, ನೋವಿನ ಗುಳಿಗೆಗಳನ್ನು ಬಹುಕಾಲ ಸೇವಿಸಿದವರು ಶ್ರಾವಣದಲ್ಲಿಯೇ ರಕ್ತದೊತ್ತಡವನ್ನು ಅಳೆಸಿ, ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷಿಸಿಕೊಳ್ಳಬಹುದು. ಕ್ರಿಯಾಟಿನಿನ್‌ನಿಂದ ಗಣಿಸಿದ ಶೋಧನಪ್ರಮಾಣವು 3 ತಿಂಗಳಿಗೂ ಮಿಕ್ಕಿ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ರೋಗ. ಆಲ್ಬುಮಿನ್ ಅದಕ್ಕೂ ಮೊದಲೇ ಸುಳಿವು ಕೊಡುವುದುಂಟು. ನಿತ್ಯದ ಔಷಧಿಯನ್ನು ವ್ರತದ ದಿನ ತಾವಾಗಿಯೇ ನಿಲ್ಲಿಸುವುದು ಅಪಾಯ.

ವೈದ್ಯರು ನಿರ್ಜಲ ಉಪವಾಸ ಬೇಡವೆಂದ ದಿನ ಅತ್ತೆಯವರು ಬಹಳ ಅತ್ತರು. ಅದೇ ವೈದ್ಯರು ಉಪ್ಪನ್ನು ಕಡಿಮೆ ಮಾಡಿರೆಂದೂ ಹೇಳಿದ್ದರು. ಷಡ್ರಸಗಳ ತ್ಯಾಗದಲ್ಲಿ ಉಪ್ಪೂ ಒಂದಲ್ಲವೇ? ಈಗ ಅವರು ವೈದ್ಯರನ್ನು ಕೇಳಿಯೇ ಅಷ್ಟಮಿ ಚತುರ್ದಶಿಗಳಂದು ಉಪ್ಪನ್ನು ತ್ಯಜಿಸಿ, ಹೇಳಿದಷ್ಟು ಪ್ರಾಸುಕ ಜಲವನ್ನು ಸೇವಿಸುತ್ತಾರೆ. ಉಪವಾಸಕ್ಕಿಂತ ಈ ಸಪ್ಪೆ ಅನ್ನವೇ ತನಗೆ ಕಠಿಣವೆಂದು ಮೊನ್ನೆ ಹೇಳಿದರು.