ಚಿಕ್ಕಮ್ಮನ ಕೀವರ್ಡು

ಸ್ಟಾಕ್ ಫೋಟೋ ಎಷ್ಟೇ ಚೆಂದ ಇರಲಿ, ಕೀವರ್ಡ್ ಸರಿಯಿಲ್ಲದಿದ್ದರೆ ಯಾರ ಕಣ್ಣಿಗೂ ಬೀಳೋದಿಲ್ಲ. ಶಟರ್‌ಸ್ಟಾಕ್‌ನಲ್ಲಿ 50, ಅಡೋಬಿ ಸ್ಟಾಕ್‌ನಲ್ಲಿ 49ರವರೆಗೆ ಹಾಕಬಹುದು. ಅಡೋಬಿಯಲ್ಲಂತೂ ಮೊದಲ ಹತ್ತಕ್ಕೇ ತೂಕ ಜಾಸ್ತಿ. ಕೊಳ್ಳುವವರು ಹುಡುಕುವ ಪದ ಹಾಕು ಅನ್ನೋದು ಮೊದಲ ಪಾಠ. ಸರಿಯೇ. ಆದರೆ ಚಿತ್ರದಲ್ಲಿ ಮನುಷ್ಯರಿದ್ದರೆ?

ನನ್ನದೊಂದು ಫೋಟೋದಲ್ಲಿ ಚಿಕ್ಕಮ್ಮ ಕಣದಲ್ಲಿ ನಿಂತು ರಾಗಿ ತೂರುತ್ತಿದ್ದಾಳೆ. ಹಳೇ ಸೀರೆ, ಬರಿಗಾಲು. 'ಬಡತನ ಅಂತ ಸೇರಿಸು ಮಾರಾಯ, ಚೆನ್ನಾಗಿ ಹೋಗುತ್ತೆ' ಅಂದ ಗೆಳೆಯ. ಹೋಗಬಹುದು. ಆದರೆ ನಮ್ಮ ಕಡೆ ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಇಳಿಯೋದಿಲ್ಲ, ಅದು ಧಾನ್ಯಕ್ಕೆ ಕೊಡೋ ಮರ್ಯಾದೆ. ಧೂಳಿನ ಕೆಲಸಕ್ಕೆ ಹೊಸ ಸೀರೆ ಯಾರು ಉಡ್ತಾರೆ? (ನಮ್ಮ ಬೀದಿಯ ಅರ್ಧ ಜನ ಈ 'ಬಡವಿ'ಯ ಹತ್ತಿರವೇ ಕೈಸಾಲ ತಗೊಂಡವರು!)

ಊರಲ್ಲಿ ಬಡತನವೇ ಇಲ್ಲ ಅಂತಲ್ಲ. ಈ ಚಿತ್ರದಲ್ಲಿಲ್ಲ, ಅಷ್ಟೆ. ಚಿಕ್ಕಮ್ಮ ಮಾಡೆಲ್ ರಿಲೀಸ್ ಪತ್ರಕ್ಕೆ ಸಹಿ ಹಾಕಿದ್ದು ತನ್ನ ಚಿತ್ರ ಬಳಸಲಿಕ್ಕೆ. ಅದಕ್ಕೆ ನಾನು ಯಾವ ಪದ ಅಂಟಿಸ್ತೀನಿ ಅನ್ನೋದು ಅವಳಿಗೆ ತಿಳಿಯೋದೇ ಇಲ್ಲ. ಅವಳೆದುರು ಕನ್ನಡದಲ್ಲಿ ಹೇಳಲಾಗದ ಮಾತನ್ನು ಇಂಗ್ಲಿಷಲ್ಲಿ ಟೈಪ್ ಮಾಡುವುದು ನನಗೆ ಸರಿ ಕಾಣಲಿಲ್ಲ.

ಈಗ ಮೊದಲ ಹತ್ತರಲ್ಲಿ ಫಿಂಗರ್ ಮಿಲೆಟ್, ವಿನ್ನೋಯಿಂಗ್, ಹಾರ್ವೆಸ್ಟ್, ಕರ್ನಾಟಕ ಇವೆ. ಬರೀ 'ಗ್ರೇನ್' ಅಂದರೆ ರಾಶಿ ಚಿತ್ರಗಳ ನಡುವೆ ಕಳೆದುಹೋಗುತ್ತೆ. ರಾಗಿಯೇ ಬೇಕು ಅನ್ನುವವರಿಗೆ ಇದು ಸಿಗುತ್ತೆ. ವಿಡಿಯೋ ಕ್ಲಿಪ್ಪಿಗೆ 'ಸ್ಲೋ ಮೋಷನ್' ಕೂಡ ಸೇರಿಸಿದ್ದೇನೆ. ಹೊಟ್ಟು ಗಾಳಿಗೆ ಹಾರೋದು ಅದರಲ್ಲಿ ನಿಧಾನಕ್ಕೆ ಕಾಣುತ್ತೆ.